ಕೊಳಚೆ ಬಾರದ ಘಟಕದಿಂದ

ಅಕ್ಕಾ,

ಇವತ್ತು ನಿನ್ನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವಾಗ ದಾರಿಯುದ್ದಕ್ಕೂ ಬಾಯಿಗೆ ಬೀಗ ಹಾಕಿಕೊಂಡಿದ್ದೆ. "ಏನೇ ಗಬ್ಬುನಾತದ ರಾಣಿ, ಇವತ್ತು ಮಾತೂ ಇಲ್ಲ, ವಾಸನೆಯೂ ಇಲ್ಲ?" ಅಂತ ನೀನು ಛೇಡಿಸಿದೆ. ಆ ವಾಸನೆ ಇಲ್ಲದ್ದೇ ಕಣೇ ನನ್ನ ಗೋಳು. ಎದುರಿಗೆ ಹೇಳುವ ಧೈರ್ಯ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕೊಳಚೆ ಶುದ್ಧೀಕರಣ ಘಟಕಕ್ಕೆ ಕೊಳಚೆಯೇ ಬರುತ್ತಿಲ್ಲ. ಮಳೆ ಕೈಕೊಟ್ಟ ಮೇಲೆ ಊರಿನವರೆಲ್ಲ ಜಾಣರಾಗಿಬಿಟ್ಟರು. ತರಕಾರಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಒಗೆದ ನೀರು ಅಂಗಳಕ್ಕೆ. ಚರಂಡಿಗೆ ಇಳಿಯುವುದು ಅಷ್ಟಕ್ಕಷ್ಟೆ. ಮನೆಮನೆಗೆ ಹೋಗಿ ಹೀಗೆ ಮಾಡಿ ಎಂದು ಹೇಳಿಕೊಟ್ಟವರು ಯಾರು? ನಾವೇ, ಘಟಕದವರೇ! ಲೋಟದಲ್ಲಿ ಉಳಿದ ನೀರನ್ನೂ ಚೆಲ್ಲಬೇಡ ಎಂದು ನೀನು ಚಿಕ್ಕಂದಿನಲ್ಲಿ ಕಲಿಸಿದ್ದನ್ನೇ ನಾನು ಊರಿಗೆಲ್ಲ ಕಲಿಸಿದೆ.

ನಮ್ಮ ತೊಟ್ಟಿಯಲ್ಲಿ ಕೊಳೆ ತಿಂದು ಬದುಕುವ ಸೂಕ್ಷ್ಮಜೀವಿಗಳಿವೆ. ಕಣ್ಣಿಗೆ ಕಾಣದ ಆ ಸಂಸಾರವೇ ನೀರನ್ನು ತಿಳಿ ಮಾಡುವುದು. ಈಗ ಅವಕ್ಕೆ ಉಪವಾಸ. ಜೀವ ಹಿಡಿದುಕೊಂಡಿರಲಿ ಅಂತ ಬೆಲ್ಲ ಕರಗಿಸಿ ಸುರಿದೆವು. ಅಷ್ಟೊಂದು ಬೆಲ್ಲ ಕೇಳಿದ್ದಕ್ಕೆ ಅಂಗಡಿಯವನು "ಯಾರ ಮನೇಲಿ ಮದುವೆ?" ಎಂದ. ನನಗೆ ನಗು ಬರಲಿಲ್ಲ. ಅವು ಬದುಕಿದರೂ ಶುದ್ಧ ಮಾಡಲು ನೀರೆಲ್ಲಿದೆ?

ಆಸ್ಪತ್ರೆಯಲ್ಲಿ ನೆಲ ತೊಳೆಯುವುದು, ಕಕ್ಕಸು, ಗಿಡ ಎಲ್ಲ ನಾವು ಶುದ್ಧ ಮಾಡಿ ಕಳಿಸುವ ನೀರಿನಲ್ಲೇ. ಅದಕ್ಕೇ ಅವರ ಒಳ್ಳೆಯ ನೀರು ನಿನ್ನಂಥವರ ಡಯಾಲಿಸಿಸ್‌ಗೆ ಉಳಿಯುತ್ತಿತ್ತು. ನಮ್ಮ ನೀರು ನಿಂತರೆ ವಾರಕ್ಕೆ ಮೂರು ಸಲ ಇದ್ದದ್ದು ಎರಡೇ ಆಗುತ್ತದಂತೆ. ನರ್ಸು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ಆಸ್ಪತ್ರೆಗೆ ನೀರು ಕಳಿಸುವ ನಮ್ಮ ಪಂಪನ್ನು ನಾಳೆ ನಿಲ್ಲಿಸಲು ಆದೇಶ ಬಂದಿದೆ. ನಾಳೆಯ ಪಾಳಿ ನನ್ನದೇ, ಅಕ್ಕಾ.

ಯಾರನ್ನು ಬೈಯಲಿ ಹೇಳು? ಕದ್ದವರಿಲ್ಲ, ಪೋಲು ಮಾಡಿದವರಿಲ್ಲ. ಎಲ್ಲರೂ ಒಳ್ಳೆಯದನ್ನೇ ಮಾಡಿ ಹೀಗಾಯಿತಲ್ಲ. ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನನಗೆ ಭಯವಾಗುತ್ತಿದೆ.

ಬೆಳಿಗ್ಗೆ ನೀನು ಮುಖ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಆ ಊದಿದ ಕಾಲಲ್ಲೇ ಹೂಕುಂಡದ ಕಡೆ ಹೊರಟೆಯಲ್ಲ, ನಾನು ಕಸಿದುಕೊಂಡು ಬಚ್ಚಲಿಗೆ ಸುರಿದುಬಿಟ್ಟೆ. "ತಲೆ ಕೆಟ್ಟಿದೆಯೇನೇ ನಿಂಗೆ?" ಎಂದು ನೀನು ರೇಗಿದೆ. ಆ ಒಂದು ಬಕೆಟ್ ನೀರು ನಮ್ಮ ಘಟಕದವರೆಗೆ ಹರಿಯುವುದಿಲ್ಲ, ನನಗೆ ಗೊತ್ತು. ಆದರೂ ಸುರಿದೆ.

ನಿನ್ನ ಕಾಲಿನ ಊತ ಇಳಿಯಲಿ. ಊರಿನ ಚರಂಡಿಗಳೆಲ್ಲ ತುಂಬಿ ಹರಿಯಲಿ.

ನಿನ್ನ
ಗಬ್ಬುನಾತದ ರಾಣಿ