ಮೇಜಿಗೆ ಹಚ್ಚುವ ಅಗಸೆ ಎಣ್ಣೆ

ಮಾರ್ಚ್ 11, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ. ಅಣ್ಣ ನನ್ನ ಪಾಲಿಶ್ ಸಾಮಾನಿನಿಂದ ಅಗಸೆ ಎಣ್ಣೆಯ ಡಬ್ಬ ತೆಗೆದು ಅಮ್ಮನಿಗೆ ಎರಡು ಚಮಚ ಕುಡಿಸಿದ್ದಾನೆ! ಮೇಜು ಕುರ್ಚಿಗಳಿಗೆ ಹಚ್ಚುವ ಎಣ್ಣೆ ಅದು. ಬೇಗ ಒಣಗಲೆಂದು ಅದಕ್ಕೆ ಏನೇನೋ ವಿಷ ಬೆರೆಸಿರುತ್ತಾರೆ. ನಾನು ಕೆಲಸದಿಂದ ಬರುವಷ್ಟರಲ್ಲಿ ಅಮ್ಮ ವಾಂತಿ ಮಾಡಿ ಸುಸ್ತಾಗಿದ್ದಳು.

"ಅಗಸೆ ಹೃದಯಕ್ಕೆ ಒಳ್ಳೇದು ಅಂತ ಫೋನಲ್ಲಿ ನೋಡ್ದೆ ಕಣೇ," ಎಂದ ಮಹಾನುಭಾವ. ಅಪರೂಪಕ್ಕೊಮ್ಮೆ ಬಂದು ಮಗನ ಕರ್ತವ್ಯ ಮುಗಿಸಿ ಹೋಗುವವನು. ಡಬ್ಬದ ಮೇಲೆ 'ಮರಕ್ಕೆ ಮಾತ್ರ' ಎಂದು ದಪ್ಪಕ್ಷರದಲ್ಲಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಭಯವಿಲ್ಲ ಎಂದ ಮೇಲೆ ಅಮ್ಮನನ್ನು ಕೇಳಿದೆ, "ಪೇಂಟಿನ ವಾಸನೆ ಬರ್ಲಿಲ್ವಾ ನಿಂಗೆ?"

"ಬಂತು. ಪಾಪ, ಅವ್ನೇ ಕೈಯಾರೆ ಕೊಟ್ಟ. ಹೇಗೆ ಬೇಡ ಅನ್ಲಿ?"

ದಿನಾ ಬೆಳಿಗ್ಗೆ ಅಗಸೆ ಹುರಿದು, ಪುಡಿ ಮಾಡಿ, ಮೊಸರಿಗೆ ಕಲಸಿ ಕೊಡುವವಳು ನಾನು. ಹೊಟ್ಟೆ ಸಲೀಸಾಗಲೆಂದು ಡಾಕ್ಟರೇ ಹೇಳಿದ್ದು. ಅದಕ್ಕೆ "ಹುಲ್ಲಿನ ವಾಸನೆ" ಎಂದು ಮುಖ ತಿರುಗಿಸುತ್ತಾಳೆ!

ಅಣ್ಣನ ಮೇಲಿನ ಸಿಟ್ಟು ನಾಳೆಗೆ ಇಳಿದೀತು. ಅಮ್ಮನ ಮೇಲಿನದು ಇಳಿಯುವ ಹಾಗೆ ಕಾಣುತ್ತಿಲ್ಲ. ಮನೆಗೆ ಬಂದು ಮಲಗಿದವಳು ಈಗ ಕೋಣೆಯಿಂದ ಕೂಗುತ್ತಿದ್ದಾಳೆ, "ಅವ್ನು ಊಟ ಮಾಡಿದ್ನಾ ನೋಡೇ."

ನಾನು ಏಳುವುದಿಲ್ಲ. ಕೂಗಲಿ ಎಷ್ಟು ಬೇಕಾದರೂ…