ಹೆಣ್ಣುಮಕ್ಕಳ ಓದಿಗಾಗಿ ಮುಚ್ಚಿದ ರಸ್ತೆ

ಮಾನ್ಯರೇ,

ಹೋದ ಭಾನುವಾರ ಜಯನಗರದಲ್ಲಿ ಓಟಕ್ಕೆಂದು ರಸ್ತೆ ಮುಚ್ಚಿಸಿದ ಅಧಿಕಾರಿ ನೀವೇ. ಆ ಓಟಕ್ಕೆ ಬಾವುಟ ಬೀಸಲು ಒಂದು ಗಂಟೆ ತಡವಾಗಿ ಬಂದ ಮುಖ್ಯ ಅತಿಥಿಯೂ ನೀವೇ. ಆ ಒಂದು ಗಂಟೆಯ ದೆಸೆಯಿಂದ ಒಬ್ಬ ಹುಡುಗಿಯ ಪರೀಕ್ಷೆ ತಪ್ಪಿಹೋಯಿತು. ಅದನ್ನು ನಿಮ್ಮನ್ನಲ್ಲದೆ ಇನ್ಯಾರನ್ನು ಕೇಳಲಿ?

ಹೆಣ್ಣುಮಕ್ಕಳ ಶಿಕ್ಷಣದ ಸಹಾಯಾರ್ಥ ಮೂರು ಕಿಲೋಮೀಟರ್ ಓಟ ಎಂದಾಗ ನಾನೂ ಹೆಸರು ಕೊಟ್ಟೆ. ಜೀವನವಿಡೀ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು, ಮಂಡಿ ನೋವಿದ್ದರೇನು, ಇದಕ್ಕೆ ಓಡದೆ ಇನ್ಯಾವುದಕ್ಕೆ ಓಡಲಿ ಅನ್ನಿಸಿತು. ಆರೂವರೆಗೆ ಓಟ, ಏಳೂವರೆಗೆ ರಸ್ತೆ ಮುಕ್ತ ಎಂದು ನಿಮ್ಮದೇ ಪ್ರಕಟಣೆ ಹೇಳಿತ್ತು. ನೀವು ಬರಲಿಲ್ಲ. ವೇದಿಕೆಯ ಮೇಲಿದ್ದ ನಿರೂಪಕ ಹೊತ್ತು ಕಳೆಯಲು ನಮ್ಮನ್ನೆಲ್ಲ ಕುಣಿಸಿದ. ಏಳೂವರೆಗೆ ನಿಮ್ಮ ಕಾರು ಬಂತು, ಹಾರ ಬಂತು, ಆಮೇಲೆ ಬಾವುಟ.

ಅರ್ಧ ದಾರಿ ಓಡಿ ಉಸಿರು ಸಾಲದೆ ಬ್ಯಾರಿಕೇಡಿನ ಪಕ್ಕ ನಿಂತೆ. ಆಚೆ ಸ್ಕೂಟರಿನ ಮೇಲೆ ಅಪ್ಪ, ಮಗಳು. ಅಪ್ಪ ಕೆಂಪರಾಜು, ಹನುಮಂತನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಮಗಳು ಅರ್ಪಿತ, ಕೈಯಲ್ಲಿ ನರ್ಸಿಂಗ್ ಪ್ರವೇಶ ಪರೀಕ್ಷೆಯ ಹಾಲ್ ಟಿಕೆಟ್. ಪರೀಕ್ಷಾ ಕೇಂದ್ರವಿದ್ದದ್ದು ಓಟ ಶುರುವಾಗಿ ಮುಗಿಯುವ ಜಾಗದಲ್ಲಿ, ನಿಮ್ಮ ವೇದಿಕೆಯ ಎದುರಿಗೇ, ಅದರ ಗೇಟು ಮುಚ್ಚುವುದು ಎಂಟಕ್ಕೆ. ಅಡ್ಡರಸ್ತೆಗಳೆಲ್ಲ ತುಂಬಿ ಸ್ಕೂಟರ್ ಹಿಂದಕ್ಕೂ ಹೋಗದು, ಮುಂದಕ್ಕೂ ಬಾರದು. ನಡೆದು ಹೋಗೋಣವೆಂದರೆ ಫುಟ್‌ಪಾತಿನ ತುಂಬ ಪ್ರಾಯೋಜಕರ ಮಳಿಗೆಗಳು. ಎದೆಯ ಮೇಲೆ ಓಟದ ನಂಬರ್ ಚೀಟಿ ಇದ್ದವರಿಗಷ್ಟೇ ರಸ್ತೆ ಎಂದು ಸ್ವಯಂಸೇವಕ ಕೈ ಅಡ್ಡ ಹಿಡಿದಿದ್ದ.

ಬೇಗ ಹೊರಡಬೇಕಿತ್ತು ಅನ್ನುತ್ತೀರಾ? ಅವರು ಬೇಗನೇ ಹೊರಟಿದ್ದರು. ಏಳೂವರೆಗೆ ರಸ್ತೆ ತೆರೆಯುತ್ತದೆಂಬ ನಿಮ್ಮ ಮಾತನ್ನು ನಂಬಿದ್ದೊಂದೇ ತಪ್ಪು. ಅಷ್ಟಕ್ಕೂ, ಬೇಗ ಹೊರಡಿ ಎಂಬ ಬುದ್ಧಿವಾದವನ್ನು ಅಂದು ನಿಮಗೆ ಯಾರೂ ಹೇಳಲಿಲ್ಲವಲ್ಲ. ನೀವು ತಡವಾದರೆ ಸಾವಿರ ಜನ ಕಾಯಬೇಕು, ಅವಳು ತಡವಾದರೆ ಒಂದು ಗೇಟೂ ಕಾಯುವುದಿಲ್ಲ. ಇದು ಯಾವ ಲೆಕ್ಕ?

ನನ್ನ ನಂಬರ್ ಕಿತ್ತು ಅವಳ ಚೂಡಿದಾರಕ್ಕೆ ಚುಚ್ಚಿದೆ. ಸ್ವಯಂಸೇವಕ ತಕ್ಷಣ ದಾರಿ ಬಿಟ್ಟ.

"ಓಡು ಮಗು, ಹಿಂದೆ ತಿರುಗಿ ನೋಡ್ಬೇಡ" ಅಂದೆ.

ಅವಳ ಹಿಂದೆ ನಾನೂ ಓಡಿದೆ. ಅವಳ ಚಪ್ಪಲಿ ಕಿತ್ತುಹೋಯಿತು, ಕೈಯಲ್ಲಿ ಹಿಡಿದುಕೊಂಡು ಓಡಿದಳು. ಬರಿಗಾಲು ನೋಡಿ ಜನ ಚಪ್ಪಾಳೆ ತಟ್ಟಿದರು. ಯಾರೋ ಬಾಳೆಹಣ್ಣು ಚಾಚಿದರು. ಅವಳಿಗೆ ಯಾವುದೂ ಕಾಣುತ್ತಿರಲಿಲ್ಲ.

ಗೇಟು ಮುಚ್ಚಿತ್ತು. "ಟೈಮ್ ಆಗೋಯ್ತು ಮೇಡಂ, ಯಾವ್ ಸಾಹೇಬ್ರು ಬಂದ್ರೂ ತೆಗೆಯಲ್ಲ" ಅಂದ ಒಳಗಿದ್ದ ಕಾವಲುಗಾರ. ಸಾಹೇಬರು ಆಗ ಎದುರು ವೇದಿಕೆಯಲ್ಲಿ ಹೆಣ್ಣುಮಕ್ಕಳನ್ನು ಓದಿಸಿ ಎಂದು ಭಾಷಣ ಮಾಡುತ್ತಿದ್ದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಗೇಟು ಹಿಡಿದು ಅಳುತ್ತಿದ್ದವಳ ಕೊರಳಿಗೆ ಒಬ್ಬಳು ಪದಕ ಹಾಕಿದಳು, ಇನ್ನೊಬ್ಬ ಫೋಟೋ ತೆಗೆದ. ಸಂಜೆ ಸಂಘಟಕರ ಪುಟದಲ್ಲಿ ಅದೇ ಚಿತ್ರ; ಕೆಳಗೆ "ಗುರಿ ಮುಟ್ಟಿದ ಆನಂದಬಾಷ್ಪ" ಎಂಬ ಬರಹ. ನೀವೂ ಮೆಚ್ಚಿದ್ದೀರಿ. ಅದನ್ನು ನೋಡಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಬರುವ ಭಾನುವಾರ ಮರುಪರೀಕ್ಷೆ ಇದೆ. ತಡವಾದದ್ದಕ್ಕೆ ಕಾರಣವನ್ನು ಸಂಬಂಧಪಟ್ಟ ಅಧಿಕಾರಿ ಶುಕ್ರವಾರದೊಳಗೆ ಬರೆದುಕೊಟ್ಟರೆ ಅವಳನ್ನು ಕೂರಿಸುತ್ತಾರೆ, ಇಲ್ಲದಿದ್ದರೆ ಒಂದು ವರ್ಷ ಹೋಯಿತು. ಕೆಂಪರಾಜು ನಿಮ್ಮ ಕಚೇರಿಗೆ ಹೋಗಿ ಬಂದರು. ರಸ್ತೆ ಏಳೂವರೆಗೇ ತೆರೆದಿದೆಯೆಂದು ವರದಿಯಾಗಿದೆ, ಹೋಗಿ ಎಂದರಂತೆ. ಹಾಗಾದರೆ ಏಳೂವರೆಯ ನಂತರ ನಾವೆಲ್ಲ ಓಡಿದ್ದು ಯಾವ ರಸ್ತೆಯಲ್ಲಿ?

ವಾಹನ ದಟ್ಟಣೆ, ತಾಂತ್ರಿಕ ಕಾರಣ ಎಂಬ ಮಾತುಗಳು ಬೇಡ. "ನಾನು ತಡವಾಗಿ ಬಂದೆ, ಅದರಿಂದ ಈ ಹುಡುಗಿಗೆ ತಡವಾಯಿತು" ಎಂದು ಒಂದು ಸಾಲು ಬರೆದು ಸಹಿ ಹಾಕಿ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಅವಳನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಬರುತ್ತೇನೆ. ಅಂದಾದರೂ ಹೊತ್ತಿಗೆ ಸರಿಯಾಗಿ ಬನ್ನಿ.

ಇಂತಿ,
ಓಡಿಯೂ ನಿಮ್ಮ ವರದಿಯ ಪ್ರಕಾರ ಓಡದೇ ಉಳಿದ
ಸತ್ಯಭಾಮಾ
ನಿವೃತ್ತ ಶಿಕ್ಷಕಿ, ಪದ್ಮನಾಭನಗರ