ಗಾಜೂರಿನ ಹನಿನೋಟ

ಫೆಬ್ರವರಿ ಮೂವತ್ತು, ೨೪೧೯

ಬಂದವರೇ, ಕೂತವರೇ, ಹಿಂದೆ ನಿಂತು ಕತ್ತು ಚಾಚುತ್ತಿರುವವರೇ, ನಾನೂರು ವರ್ಷ ಹಿಂದಿನ ನನ್ನ ಪೂರ್ವಿಕರೇ! ಫೆಬ್ರವರಿಗೆ ಮೂವತ್ತು ಎಲ್ಲಿಂದ ಬಂತೆಂದು ನಗಬೇಡಿ, ನಮ್ಮಲ್ಲಿ ಬಂದಿದೆ. ಮಾತಿನ ನಡುವೆ ನೀವರಿಯದ ಪದ ಸಿಕ್ಕರೆ ಕ್ಷಮಿಸಿ. ನಾನು ಗಾಜೂರಿನ ರಂಗಕೂಗ, ಅಂದರೆ ಹನಿನೋಟದಲ್ಲಿ ತೀರ್ಪು ಕೂಗುವವನು.

ಔಷಧಿಗಳನ್ನು ನೀವು ಕಡಲೆಕಾಯಿಯಂತೆ ತಿಂದು ಮುಗಿಸಿದಿರಿ. ರೋಗಾಣುಗಳು ಅವಕ್ಕೆ ಒಗ್ಗಿಕೊಂಡವು. ನಮಗೆ ಉಳಿದದ್ದು ರಕ್ತದೊಳಗಿನ ಕಾವಲು ಕಣವೊಂದೇ. ಶತ್ರುವನ್ನು ಮುಟ್ಟಿದೊಡನೆ ಅದು ಉಪ್ಪನ್ನು ಒಳಗೆಳೆಯುತ್ತದೆ, ಉಪ್ಪಿನ ಬೆನ್ನಿಗೇ ನೀರು ನುಗ್ಗುತ್ತದೆ, ಕಣ ಉಬ್ಬುತ್ತದೆ. ಉಬ್ಬಿದ ಮೇಲೆಯೇ ಅದು ಬೆಳೆದು, ಎರಡಾಗಿ, ನಾಲ್ಕಾಗಿ, ದಂಡಾಗುವುದು. ಉಬ್ಬದ ಕಣ ಬೆಳೆಯದು! ಆದ್ದರಿಂದ ಹೆಸರಿಡುವ ಮೊದಲು ಮಗುವಿನ ರಕ್ತದ ಹನಿಗೆ ಸತ್ತ ರೋಗಾಣುವಿನ ಪುಡಿ ಸೋಕಿಸಿ, ಆನೆಗಾತ್ರ ಮಾಡಿ ಪರದೆಯ ಮೇಲೆ ತೋರಿಸುತ್ತೇವೆ. ಊರೇ ಹುರಿಗಾಳು ಮೆಲ್ಲುತ್ತ ನೋಡುತ್ತದೆ. ಉಬ್ಬಿದರೆ ಚಪ್ಪಾಳೆ, ಹೆಸರು, ಪಾಯಸ. ಉಬ್ಬದಿದ್ದರೆ ಮಗುವನ್ನು ಗಾಜಿನ ಗೋಡೆಯಾಚೆ, ಸುಡುವ ಮರಳಿನ ಮೇಲೆ ಇಟ್ಟು ಬಾಗಿಲು ಹಾಕುತ್ತೇವೆ. ಅದಕ್ಕೂ ಚಪ್ಪಾಳೆ ಉಂಟು.

ನಾಳೆ ನನ್ನ ಮೊಮ್ಮಗಳ ಸರದಿ. ಇವತ್ತು ಮನೆಯಲ್ಲೇ ಅವಳ ಹಿಮ್ಮಡಿ ಚುಚ್ಚಿ ನೋಡಿದೆವು. ಪುಡಿ ಸೋಕಿಸಿದರೂ ಕಣ ಮಿಸುಕಲಿಲ್ಲ.

ಮಗಳು ಶಾರ್ವರಿ ಅಳಲಿಲ್ಲ. "ಅಪ್ಪಾ, ಹನಿಗೆ ಒಂದ್ ತೊಟ್ಟು ನೀರು ಬೆರೆಸಿಬಿಡು. ಬರೀ ನೀರಿಗೆ ಯಾವ್ ಕಣ ಆದ್ರೂ ಉಬ್ಬತ್ತೆ" ಎಂದಳು.

"ಅದು ನೀರು ತುಂಬ್ಕೊಂಡಿದ್ದು ಕಣೇ, ಬೆಳೆಯೋದಲ್ಲ! ಆಚೆ ಬೀದಿ ಭುಜಬಲಿ ಹಂಗೇ ಮಾಡಿಸ್ದ. ಒಂದ್ ಚಳಿಗಾಲ, ಅಷ್ಟೇ. ಮಗೂನೂ ಹೋಯ್ತು, ಅದು ಕೆಮ್ಮಿದ ಬೀದೀನೂ ಹೋಯ್ತು."

"ಒಂದ್ ಚಳಿಗಾಲ ಎತ್ತಾಡಿಸಿದ್ನಲ್ಲ! ನಂಗೂ ಅಷ್ಟೇ ಕೊಡು."

"ಬೀದಿ ಜನ?"

"ಯಾವ್ ಜನ ಅಪ್ಪಾ? ಬಾಗಿಲು ಹಾಕಿದಾಗ ಚಪ್ಪಾಳೆ ಹೊಡಿಯೋರಾ?"

ಸಾವಿರ ಮಂದಿಯನ್ನು ಒಂದೇ ಕೂಗಿಗೆ ಸುಮ್ಮನಾಗಿಸಿದ ಗಂಟಲು ನನ್ನದು; ಅದೇ ಗಂಟಲಲ್ಲಿ ಮೊಮ್ಮಗಳಿಗೆ ಜೋಗುಳ ಗುನುಗಿದೆ.

ಪೂರ್ವಿಕರೇ, ನಿಮ್ಮಲ್ಲಿ ಇನ್ನೂ ಮದ್ದು ಉಳಿದಿದ್ದರೆ ಸುಮ್ಮಸುಮ್ಮನೆ ನುಂಗಬೇಡಿ. ನಮಗಂತೂ ಕಾಲ ಮೀರಿದೆ. ನಾಳೆ ಬೆಳಿಗ್ಗೆ ಪರದೆ ಏಳುವ ಮುನ್ನ ಆ ತೊಟ್ಟನ್ನು ನಾನೇ ಬೆರೆಸುತ್ತೇನೆ. ಆಮೇಲೆ ಗಾಜು ನಡುಗುವಂತೆ "ಉಬ್ಬಿತು!" ಎಂದು ಕೂಗುತ್ತೇನೆ. ಮುಂದಿನ ಸಾಲಿನಲ್ಲಿ ತಮ್ಮ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡವರೇ ಮೊದಲು ಚಪ್ಪಾಳೆ ತಟ್ಟುತ್ತಾರೆ. ನಾನು ಬಾಗಿ ನಮಸ್ಕರಿಸುತ್ತೇನೆ.